ಮುರೊಯ್ ಪಾಲಿನ ಹಿಮ

ಗಣಿಯಿಂದ ಮೇಲೆ ಬಂದವನಿಗೆ ತನ್ನ ಬೆನ್ನು ತನ್ನ ಕೈಗೆ ಸಿಗುವುದಿಲ್ಲ. ಮುಖ, ಕತ್ತು, ತೋಳು, ತೊಡೆ ಎಲ್ಲ ತಾನೇ ಉಜ್ಜಿಕೊಳ್ಳಬಹುದು. ಎರಡು ಹೆಗಲ ಮೂಳೆಗಳ ನಡುವಿನ ಅಂಗೈಯಗಲ ಜಾಗ ಮಾತ್ರ ಇನ್ನೊಬ್ಬನ ಪಾಲು. ಇದ್ದಲು ಗಣಿಗಳ ನಿಸೆನಾಯ್ ಕಣಿವೆಯಲ್ಲಿ ಪಾಳಿ ಮುಗಿಸಿದವರು ಕಂಪನಿಯ ಸ್ನಾನದ ಮನೆಯಲ್ಲಿ ಸಾಲಾಗಿ ಕೂರುತ್ತಿದ್ದರು. ಒಬ್ಬನ ಬೆನ್ನನ್ನು ಹಿಂದಿನವನು ಉಜ್ಜಬೇಕು, ಅವನದನ್ನು ಅವನ ಹಿಂದಿನವನು. ಕೊನೆಯವನು ಎದ್ದು ಬಂದು ಮೊದಲನೆಯವನ ಮುಂದೆ ಕೂರಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಯಾರ ಬೆನ್ನು ಯಾರು ಉಜ್ಜಿದರು ಅಂತ ಯಾರೂ ನೆನಪಿಟ್ಟುಕೊಳ್ಳುತ್ತಲೂ ಇರಲಿಲ್ಲ.

ಆ ಚಳಿಗಾಲ ಮಾತ್ರ ಒಂದು ಬೆನ್ನು ಎಲ್ಲರಿಗೂ ನೆನಪಿತ್ತು.

ಮುರೊಯ್ ಸಾಲಿನಲ್ಲಿ ಕೂರುತ್ತಿರಲಿಲ್ಲ. ಮೂಲೆಯ ನಲ್ಲಿಯ ಹತ್ತಿರ ಒಬ್ಬನೇ ಕೂತು ಬೇಗ ಬೇಗ ಮಿಂದು ಎದ್ದುಬಿಡುತ್ತಿದ್ದ. ಉದ್ದನೆಯ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆನ್ನಿನ ಮೇಲೆ ಎಳೆದಾಡಿದರೆ ಅಷ್ಟೋ ಇಷ್ಟೋ ಮಸಿ ಹೋಗುತ್ತದೆ. ಆದರೆ ಹಳೆಯ ಪೆಟ್ಟಿನಿಂದ ಅವನ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹಾಗಾಗಿ ಬೆನ್ನ ನಡುವೆ ಇದ್ದಲ ಮಸಿ ದಿನದ ಮೇಲೆ ದಿನ ಕೂತು, ದೊಡ್ಡದೊಂದು ಎಲೆಯ ಆಕಾರದಲ್ಲಿ ಚರ್ಮಕ್ಕೇ ಅಂಟಿಕೊಂಡಿತ್ತು. ಮನೆಯಲ್ಲಿ ಹೆಂಡತಿ ಉಜ್ಜಬಹುದಿತ್ತು. ಅವನು ಅವಳಿಗೆ ಬೆನ್ನು ತೋರಿಸುತ್ತಿರಲಿಲ್ಲ. ತೋರಿಸಿದರೆ ಸ್ನಾನದ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಅವಳಿಗೆ ತಿಳಿಯುತ್ತಿತ್ತು.

ಮುರೊಯ್‌ನ ಪಕ್ಕದ ಮನೆಯ ತೊಕುಜಿ ದಿನವೂ ಆ ಎಲೆಯನ್ನು ನೋಡುತ್ತಿದ್ದ. ನೋಡಿ, ತನ್ನ ಮುಂದೆ ಕೂತವನ ಬೆನ್ನು ಉಜ್ಜುತ್ತಿದ್ದ.

ಆಗಿದ್ದು ಇಷ್ಟು. ಎಲೆ ಉದುರುವ ಕಾಲದಲ್ಲಿ ಗಣಿ ಕಾರ್ಮಿಕರ ಸಂಘ ಮುಷ್ಕರ ಹೂಡಿತು. ಕಂಪನಿ ಆಳುಗಳನ್ನು ಕಡಿಮೆ ಮಾಡುತ್ತೇನೆ ಅಂದಿತ್ತು, ಮಾಡಕೂಡದು ಅಂತ ಇಡೀ ಕಣಿವೆ ಗೇಟಿನ ಮುಂದೆ ಕೂತಿತು. ಮೊದಲ ಹಿಮ ಬೀಳುವಾಗಲೂ ಕೂತೇ ಇತ್ತು. ಅಷ್ಟರಲ್ಲಿ ಕಂಪನಿ ತನ್ನದೇ ಒಂದು ಹೊಸ ಸಂಘ ಹುಟ್ಟಿಸಿತು. ಅದಕ್ಕೆ ಸೇರಿದವರು ಹಿಂದಿನ ಗೇಟಿನಿಂದ ಒಳಹೊಕ್ಕು ಇದ್ದಲು ಕಡಿಯತೊಡಗಿದರು. ಅವರಲ್ಲಿ ಮುರೊಯ್ ಒಬ್ಬ. ಯಾಕೆ ಹೋದೆ ಅಂತ ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಆಮೇಲೆ ಮುಷ್ಕರ ಮುರಿಯಿತು. ಎಲ್ಲರೂ ತಲೆ ತಗ್ಗಿಸಿಕೊಂಡು ಅದೇ ಗೇಟು ದಾಟಿ, ಗಣಿಗೆ ಇಳಿಸುವ ಅದೇ ಕೇಜು ಹತ್ತಿ, ಅದೇ ಕತ್ತಲೆಗೆ ಇಳಿದರು. ಕಂಪನಿಯ ಕಡೆಗೆ ಒಂದು ಕಲ್ಲೆಸೆಯುವ ತ್ರಾಣ ಯಾರಲ್ಲೂ ಉಳಿದಿರಲಿಲ್ಲ. ಕಂಪನಿಯ ಕಚೇರಿ ಗುಡ್ಡದ ಮೇಲಿತ್ತು. ಮುರೊಯ್ ತಮ್ಮದೇ ಸಾಲುಮನೆಯಲ್ಲಿ, ಹಲಗೆ ಗೋಡೆಯ ಆಚೆ ಇದ್ದ. ಹತ್ತಿರ ಇದ್ದವನು ಸಿಕ್ಕಿದ.

ಸಾಲುಮನೆಯ ಗಂಡಸರೆಲ್ಲ ಹಬುಕಾ ಮನೆಯಲ್ಲಿ ಸೇರಿದರು. ಹಬುಕಾ ಸಾಲಿನ ಹಿರಿಯ, ಸಂಘದಲ್ಲೂ ಹಳಬ. ಮುಷ್ಕರದ ದಿನಗಳಲ್ಲಿ ಕೂಗಿ ಕೂಗಿ ಅವನ ಗಂಟಲು ಒಡೆದು ಹೋಗಿತ್ತು, ಅಲ್ಲಿಂದೀಚೆಗೆ ಪಿಸುಗುಡುವ ಹಾಗೆಯೇ ಮಾತಾಡುತ್ತಿದ್ದ. ಆ ಪಿಸುದನಿಯಲ್ಲೇ ತೀರ್ಮಾನ ಹೇಳಿದ. ಮುರೊಯ್ ಮನೆಯವರೊಡನೆ ಮಾತು ಬೇಡ. ಕೊಡುವುದು ತರುವುದು ಬೇಡ. ಅವರ ಹಿಮಕ್ಕೆ ಯಾರೂ ಕೈ ಹಾಕುವುದು ಬೇಡ, ಬೆನ್ನು ಉಜ್ಜುವುದು ಬೇಡ. ಅವರು ಬಾಗಿಲು ಬಡಿದರೂ ಓಗೊಡುವುದು ಬೇಡ. ಗಣಿಯ ಕೆಳಗೆ ಹೇಗೆ ಅಂತ ಯಾರೋ ಕೇಳಿದರು. ಹಬುಕಾ ಸ್ವಲ್ಪ ಯೋಚಿಸಿ, ಕೆಳಗೆ ಎಚ್ಚರಿಕೆಗೆ ಮಾತ್ರ ಈ ಕಟ್ಟು ಇಲ್ಲ ಅಂದ. ಕಲ್ಲು ಬೀಳುತ್ತಿದ್ದರೆ ಕೂಗಿ ಹೇಳಬೇಕು, ಅವನು ಕೂಗಿದರೆ ಕೇಳಿಸಿಕೊಳ್ಳಬೇಕು. ಎಲ್ಲರಿಗೂ ಸರಿ ಅನ್ನಿಸಿತು. ನೆಲದ ಮೇಲೆ ಎಚ್ಚರಿಕೆ ಕೊಡಬೇಕಾಗಿ ಬಂದರೆ ಏನು ಮಾಡುವುದು ಅಂತ ಯಾರೂ ಕೇಳಲಿಲ್ಲ. ಒಪ್ಪಿದವರು ಕೈ ಎತ್ತಿ ಅಂದಾಗ ಎಲ್ಲರ ಜೊತೆ ಒಂದು ಕೈ ಎದ್ದಿತು. ಅದು ತನ್ನದೇ ಅಂತ ತೊಕುಜಿಗೆ ಅದನ್ನು ಇಳಿಸುವಾಗ ಗೊತ್ತಾಯಿತು.

ಅವನ ಅಪ್ಪ ಗಣಿಯಲ್ಲೇ ಸತ್ತವನು. ಸತ್ತ ವರ್ಷವೇ ತೊಕುಜಿ ಶಾಲೆ ಬಿಟ್ಟು ಕೆಳಗಿಳಿದ. ಎಳೆ ಹುಡುಗನನ್ನು ಜೊತೆಗೆ ಹಾಕಿಕೊಂಡರೆ ತಮ್ಮ ಕೆಲಸ ಕೆಡುತ್ತದೆ ಅಂತ ಬೇರೆಯವರು ಹಿಂದೆ ಮುಂದೆ ನೋಡುತ್ತಿದ್ದಾಗ, ಪಕ್ಕದ ಮನೆಯವನಲ್ಲವೇ ಅಂತ ಮುರೊಯ್ ಕರೆದುಕೊಂಡ. ಇದ್ದಲು ಕಡಿಯುವುದಕ್ಕಿಂತ ಮೊದಲು ಕಿವಿ ಕೊಡುವುದನ್ನು ಕಲಿಸಿದ. ಮೇಲಿನ ಬಂಡೆಗೆ ಆನಿಕೆ ಕೊಟ್ಟ ಮರ ಮುರಿಯುವ ಮೊದಲು ಸದ್ದು ಮಾಡುತ್ತದೆ. ಮೊದಲು ಇಲಿ ಕಚ್ಚಿದ ಹಾಗೆ, ಆಮೇಲೆ ಮುದುಕಿ ನರಳಿದ ಹಾಗೆ.

"ಕಬ್ಬಿಣ ಹೇಳ್ದೆ ಕೇಳ್ದೆ ಹೋಗ್ಬಿಡುತ್ತೆ ಕಣೋ. ಮರ ಅಳುತ್ತೆ. ಅಳು ಕೇಳಿಸ್ಕೊಂಡೋನು ಉಳ್ಕೊತಾನೆ."

ಎಚ್ಚರಿಕೆಯ ಬಡಿತವನ್ನೂ ಅವನೇ ಕಲಿಸಿದ. ಎರಡು ಏಟು, ಒಂದು ಬಿಡುವು, ಮತ್ತೆ ಎರಡು ಏಟು ಅಂದರೆ, ಎಲ್ಲ ಬಿಟ್ಟು ಹೊರಗೆ ಹೋಗು. ಕೇಳಿಸಿಕೊಂಡವನು ಅದೇ ರೀತಿ ತಿರುಗಿ ಬಡಿಯಬೇಕು. ಆ ಉತ್ತರ ಬರುವವರೆಗೆ ಬಡಿಯುವವನು ಜಾಗ ಬಿಟ್ಟು ಕದಲಬಾರದು, ತಲೆ ಮೇಲೆ ಏನೇ ಬರುತ್ತಿದ್ದರೂ.

ಇನ್ನು ಸೂರಿನ ಮಾತು. ಸಾಲುಮನೆ ಅಂದರೆ ಆರು ಮನೆ, ಒಂದೇ ಉದ್ದನೆಯ ಮರದ ಕಟ್ಟಡ. ನಡುವೆ ಹಲಗೆ ಗೋಡೆ, ಮೇಲೆ ಎಲ್ಲರಿಗೂ ಒಂದೇ ತಗಡಿನ ಮಾಡು, ನೆತ್ತಿಯಲ್ಲಿ ಈ ತುದಿಯಿಂದ ಆ ತುದಿಗೆ ಓಡುವ ಒಂದೇ ತೊಲೆ. ಹಿಮ ಬಿದ್ದ ಬೆಳಿಗ್ಗೆ ಗಂಡಸರೆಲ್ಲ ಏಣಿ ಹಾಕಿ ಮೇಲೆ ಹತ್ತಿ, ಅವರವರ ಮನೆಯಗಲದ ಹಿಮವನ್ನು ಸಲಿಕೆಯಿಂದ ಕೆಳಗೆ ತಳ್ಳುತ್ತಿದ್ದರು. ಎರಡು ಮನೆಯ ಹೊಗೆಕೊಳವೆಗಳ ನಟ್ಟನಡುವೆ ಗೆರೆ. ಒಬ್ಬ ಪಾಳಿಗೆ ಹೋಗಿದ್ದರೆ ಅಥವಾ ಮೈ ಹುಷಾರಿಲ್ಲದೆ ಮಲಗಿದ್ದರೆ ಅಕ್ಕಪಕ್ಕದವರು ಕೇಳದೆಯೇ ಗೆರೆ ದಾಟುತ್ತಿದ್ದರು. ಆ ಮನೆಯ ಹೆಂಗಸು ಬಿಸಿ ಚಹಾ ಮತ್ತು ಮೂಲಂಗಿ ಉಪ್ಪಿನಕಾಯಿ ತಂದು ಏಣಿಯ ಬುಡದಲ್ಲಿ ಇಡುತ್ತಿದ್ದಳು. ತೊಕುಜಿ ಚಿಕ್ಕವನಾಗಿದ್ದಾಗ, ಅಪ್ಪ ಸತ್ತ ಆ ಚಳಿಗಾಲವಿಡೀ, ಅವರ ಮನೆಯ ಮೇಲಿನ ಹಿಮ ತೆಗೆದವನು ಮುರೊಯ್. ಆಗ ಅವನ ಎರಡೂ ಕೈ ಮೇಲೆ ಏಳುತ್ತಿದ್ದವು.

ಚಳಿ ಕಚ್ಚಿ ಹಿಡಿದ ತಿಂಗಳಲ್ಲಿ ಇದ್ದಲ ಗಾಡಿಯೊಂದು ಹಳಿ ತಪ್ಪಿ ಮುರೊಯ್‌ನ ಕಾಲಿನ ಮೇಲೆ ಹರಿಯಿತು. ಗಾಡಿ ಬಂತು ಅಂತ ಕೆಳಗೆ ಯಾರೋ ಕೂಗಿದ್ದರಂತೆ, ಆದರೆ ಅವನಿಗೆ ಸರಿಯುವಷ್ಟು ಜಾಗವಿರಲಿಲ್ಲ. ಆಸ್ಪತ್ರೆಯಲ್ಲಿ ತೊಡೆಯವರೆಗೆ ಗಾರೆ ಪಟ್ಟಿ ಕಟ್ಟಿ, ಹಿಮದ ಮೇಲೆ ಎಳೆಯುವ ಜಾರುಬಂಡಿಯ ಮೇಲೆ ಮಲಗಿಸಿ ಮನೆಗೆ ಕಳಿಸಿದರು. ಬಂಡಿಯನ್ನು ಅವನ ಹೆಂಡತಿ ಫುಸೆ ಒಬ್ಬಳೇ ಎಳೆದು ತಂದಳು. ಮಗಳು ಚಿಸಾ ಹಿಂದಿನಿಂದ ಅಪ್ಪನ ಪಾದ ಹಿಡಿದುಕೊಂಡು ನಡೆದಳು. ನೀರಿನ ನಲ್ಲಿಯ ಹತ್ತಿರ ನಿಂತ ಹೆಂಗಸರು ಬಕೆಟ್ಟು ಸರಿಸಿ ದಾರಿ ಬಿಟ್ಟರು. ಅಷ್ಟೇ.

ಆಮೇಲೆ ಹಿಮ ಶುರುವಾಯಿತು. ಗಾಳಿಯಿಲ್ಲದೆ, ಸದ್ದಿಲ್ಲದೆ, ಹಗಲೂ ಇರುಳೂ ಒಂದೇ ಸಮ ಬಿತ್ತು. ಬೆಳಿಗ್ಗೆ ತೆಗೆದದ್ದು ಸಂಜೆಗೆ ಮತ್ತೆ ಸೊಂಟದ ಮಟ್ಟ. ಐದು ಮನೆಯವರು ದಿನವೂ ಹತ್ತಿ ತಮ್ಮ ತಮ್ಮ ಪಾಲು ತೆಗೆದರು. ಮುರೊಯ್ ಪಾಲು ಹಾಗೇ ಉಳಿಯಿತು. ಎರಡೂ ಬದಿಯಲ್ಲಿ ಬರಿಯ ತಗಡು, ನಡುವೆ ಆಳೆತ್ತರದ ಬಿಳಿ ಗಡ್ಡೆ. ಕೆಳಗೆ ನಿಂತು ನೋಡಿದರೆ ಚಪ್ಪಟೆ ತಟ್ಟೆಯಲ್ಲಿ ತೋಫು ಇಟ್ಟ ಹಾಗೆ ಕಾಣುತ್ತಿತ್ತು. ಯಾರೋ ಹಾಗೆಯೇ ಅಂದರು, ಯಾರೋ ನಕ್ಕರು.

ಒಂದು ಬೆಳಿಗ್ಗೆ ಫುಸೆ ತಾನೇ ಹತ್ತಿದಳು. ಗಂಡನ ಪ್ಯಾಂಟು ತೊಟ್ಟು, ಸೊಂಟಕ್ಕೆ ಹುರಿ ಬಿಗಿದು, ಒಲೆಗೆ ಇದ್ದಲು ಹಾಕುವ ಮೋಟು ಸಲಿಕೆ ಹಿಡಿದು ಹತ್ತಿದಳು. ಕೆಳಗಿನ ಹಿಮ ಒತ್ತಿ ಒತ್ತಿ ಕಲ್ಲಾಗಿತ್ತು. ಅವಳು ಕೆರೆದದ್ದು ಒಂದು ಬೋಗುಣಿಯಷ್ಟು. ಕೆರೆಯುತ್ತಾ ಕೆರೆಯುತ್ತಾ ಅಂಚಿನ ಕಡೆಗೆ ಬಂದು ಕಾಲು ಜಾರಿ, ಮಾಡಿನಿಂದ ಕೆಳಗಿನ ಹಿಮದ ರಾಶಿಗೆ ಬಿದ್ದು ಎದೆಯವರೆಗೆ ಹೂತು ಹೋದಳು. ಐದು ಜನ ಗಂಡಸರು ಮಾಡಿನ ಮೇಲಿದ್ದರು. ಐದು ಸಲಿಕೆಗಳು ಒಂದು ಗಳಿಗೆ ನಿಂತವು. ಅವಳು ಕೈಯಿಂದಲೇ ತೋಡಿಕೊಂಡು ಹೊರಗೆ ಬಂದು, ಹಿಮದಲ್ಲಿ ಕಳೆದ ಸಲಿಕೆಯನ್ನು ಹುಡುಕಿ ಎತ್ತಿಕೊಂಡು, ಪ್ಯಾಂಟು ಕೊಡವಿ ಒಳಗೆ ಹೋದಳು. ಐದು ಸಲಿಕೆಗಳು ಮತ್ತೆ ಆಡತೊಡಗಿದವು.

ತೊಕುಜಿಯ ಪಾಲು ಮುರೊಯ್ ಪಾಲಿಗೆ ಅಂಟಿಕೊಂಡೇ ಇತ್ತು. ಅವನು ಗೆರೆಯವರೆಗೆ ತೆಗೆದು, ಅಲ್ಲಿ ನಿಂತ ಹಿಮದ ಗೋಡೆಯನ್ನು ಸಲಿಕೆಯ ಬೆನ್ನಿನಿಂದ ತಟ್ಟಿ ತಟ್ಟಿ ನೆಟ್ಟಗೆ ಮಾಡುತ್ತಿದ್ದ. ಯಾಕೆ ಹಾಗೆ ಮಾಡುತ್ತಿದ್ದೇನೆ ಅಂತ ಅವನಿಗೇ ಗೊತ್ತಿರಲಿಲ್ಲ. ಗೋಡೆ ಚಾಕುವಿನಲ್ಲಿ ಕೊಯ್ದಷ್ಟು ನುಣುಪಾಗಿತ್ತು. ಒಂದು ದಿನ ಸಲಿಕೆ ಆ ಗೋಡೆಯೊಳಗೆ ಹೊಕ್ಕಿತು. ಒಂದು ಸಲಿಕೆಯಷ್ಟು ಮುರೊಯ್ ಹಿಮ ತಗಡಿನ ಮೇಲೆ ಜಾರಿ ಕೆಳಗೆ ಬಿತ್ತು. ಆಚೆ ತುದಿಯಿಂದ ಹಬುಕಾ ತಲೆ ಎತ್ತಿದ.

"ತೊಕೂ, ನಿಮ್ಮನೆ ಹೊಗೆಕೊಳವೆ ಎಲ್ಲೈತೆ ಅನ್ನೋದು ಮರ್ತೋಯ್ತೇನಪ್ಪ? ಬಂದು ತೋರಿಸ್ಲಾ?"

ಉಳಿದವರು ನಕ್ಕರು. ತೊಕುಜಿಯೂ ನಕ್ಕ. ಸಲಿಕೆ ಹೊಕ್ಕ ತೂತಿಗೆ ತನ್ನ ಕಡೆಯ ಹಿಮ ತುಂಬಿ, ತಟ್ಟಿ, ನುಣುಪು ಮಾಡಿ ಕೆಳಗಿಳಿದ.

ಅವನ ತಾಯಿ ಶಿಗೆ ಇದ್ದಲು ಹರಿದು ಬರುವ ಪಟ್ಟಿಯ ಮುಂದೆ ನಿಂತು ಕಲ್ಲು ಆರಿಸುವ ಕೆಲಸ ಮಾಡುತ್ತಿದ್ದಳು. ಗಂಡ ಸತ್ತಾಗ ಆ ಕೆಲಸ ಕೊಡಿಸಿದ್ದು ಸಂಘ. ಅಲ್ಲಿ ಅವಳ ಎಡಕ್ಕೂ ಬಲಕ್ಕೂ ನಿಲ್ಲುವವರು ಸಂಘದ ಮನೆಗಳ ಹೆಂಗಸರೇ. ಮಗ ಆ ದಿನ ಊಟಕ್ಕೆ ಕೂತು ಅನ್ನ ಮುಟ್ಟದೆ ಇದ್ದುದನ್ನು ನೋಡಿ ಅವಳು ಒಲೆಗೆ ಇದ್ದಲು ಹಾಕುತ್ತಾ, ಇವನ ಕಡೆ ತಿರುಗದೆ ಹೇಳಿದಳು.

"ಅವನು ಹಿಂದಿನ ಗೇಟಿಂದ ಒಳಗೋದ ದಿನ ನಮ್ಮನೆ ಅಕ್ಕಿ ಡಬ್ಬದ ತಳ ಕಾಣ್ತಿತ್ತು. ನಾವೂ ಹೋಗ್ಬಹುದಿತ್ತು. ಹೋಗ್ಲಿಲ್ಲ. ನೀನು ಆ ಹಿಮಕ್ಕೆ ಕೈ ಹಾಕಿದ್ರೆ ನಾಳೆ ಪಟ್ಟೀಲಿ ನನ್ ಪಕ್ಕ ಯಾರೂ ನಿಲ್ಲಲ್ಲ. ಅಷ್ಟೇ ನಾನು ಹೇಳೋದು."

ಅವಳು ಹೇಳಿದ್ದು ಸುಳ್ಳಲ್ಲ. ತೊಕುಜಿ ಅನ್ನದ ಮೇಲೆ ಮಿಸೋ ಸಾರು ಸುರಿದುಕೊಂಡು ಉಂಡ.

ಮರುದಿನ ಅವನಿಗೆ ರಜೆ. ಬೆಳಿಗ್ಗೆ ಹಾಸಿಗೆಯಲ್ಲಿ ಬಿದ್ದುಕೊಂಡಿದ್ದಾಗಲೇ ಅದು ಕೇಳಿಸಿತು. ತಲೆಯ ಮೇಲೆ, ಹಲಗೆ ಗೋಡೆ ಮಾಡಿಗೆ ಸೇರುವ ಜಾಗದಲ್ಲಿ, ಇಲಿ ಕಚ್ಚಿದಂಥ ಸದ್ದು. ಅವನು ಕಣ್ಣು ತೆರೆಯದೆ ಕೇಳಿದ. ನಿಂತಿತು. ಮತ್ತೆ ಬಂತು. ನೆತ್ತಿಯ ತೊಲೆ ಒಂದೇ ಅಂತ ಎಲ್ಲರೂ ಅಂದುಕೊಂಡಿದ್ದರೂ ಅಷ್ಟುದ್ದದ ಮರ ಎಲ್ಲಿ ಸಿಗುತ್ತದೆ. ಎರಡು ತೊಲೆ ಕೊರೆದು ಒಂದಕ್ಕೊಂದು ಕಚ್ಚಿಸಿದ್ದರು. ಆ ಕಚ್ಚು ಇದ್ದುದು ಸರಿಯಾಗಿ ತೊಕುಜಿಯ ಮನೆಗೂ ಮುರೊಯ್ ಮನೆಗೂ ನಡುವೆ.

ಗಣಿಯಲ್ಲಿ ಹತ್ತಾರು ವರ್ಷ ಬೆನ್ನು ಬಗ್ಗಿಸಿದವರು ಇವರು. ಭಾರ ಎಲ್ಲಿ ಬೀಳುತ್ತದೆ, ಮರ ಎಷ್ಟು ಹೊರುತ್ತದೆ ಅನ್ನುವುದು ಕಣ್ಣು ಮುಚ್ಚಿಯೂ ಗೊತ್ತು. ಅಕ್ಕಪಕ್ಕ ಬರಿದು ಮಾಡಿ ನಡುವೆ ಮಾತ್ರ ಭಾರ ಬಿಡುವ ಕೆಲಸವನ್ನು ಕೆಳಗೆ ಹೊಸಬನೊಬ್ಬ ಮಾಡಿದ್ದರೆ ಕಪಾಳಕ್ಕೆ ಬಾರಿಸಿ ಮನೆಗೆ ಅಟ್ಟುತ್ತಿದ್ದರು. ಇಲ್ಲಿ ಅದನ್ನೇ ದಿನಾ ಬೆಳಿಗ್ಗೆ ತಾವೇ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಹಿಮ ಮುರೊಯ್‌ದು, ಬಿದ್ದರೆ ಮುರೊಯ್ ತಲೆ ಮೇಲೆ ಬೀಳುತ್ತದೆ. ತೊಲೆಗೆ ಮಾತ್ರ ಸಂಘದ ತೀರ್ಮಾನ ಗೊತ್ತಿರಲಿಲ್ಲ.

ತೊಕುಜಿ ಎದ್ದು ಹಬುಕಾ ಮನೆಗೆ ಹೋದ. ಹಬುಕಾ ಒಲೆಯ ಮುಂದೆ ಕಾಲು ಚಾಚಿ ಕೂತು ಒಣ ಮೀನು ಸುಡುತ್ತಿದ್ದ.

"ಮಾವ, ತೊಲೆ ಅಳ್ತಾ ಐತೆ."

ಹಬುಕಾ ಮೀನು ಮಗುಚಿದ. ಅವನಿಗೆ ಅರ್ಥವಾಗದೆ ಇರಲಿಲ್ಲ. ಅವನೂ ಮರದ ಮಾತು ಕೇಳಿಯೇ ಇಷ್ಟು ವರ್ಷ ಬದುಕಿದವನು.

"ಅವನ ಹೆಂಡ್ತಿ ಬಂದು ಕೇಳ್ಲಿ," ಅಂದ ಕೊನೆಗೆ, ಪಿಸುದನಿಯಲ್ಲಿ. "ಬಾಗಿಲ ಹತ್ರ ನಿಂತು ಒಂದ್ಸಲ ತಲೆ ಬಗ್ಗಿಸ್ಲಿ ಸಾಕು. ನಾನೇ ಹತ್ತಿ ತೆಗೀತೀನಿ. ಎಲ್ಲಾರೂ ತೆಗಿಯೋಣ."

"ಅವರು ಬರಲ್ಲ ಮಾವ."

"ಹಂಗಾದ್ರೆ ನಾನೇನ್ ಮಾಡ್ಲಿ, ಹೇಳು."

ಹಬುಕಾ ಮೀನಿನ ಅರ್ಧ ಮುರಿದು ಕೊಟ್ಟ. ತೊಕುಜಿ ನಿಂತುಕೊಂಡೇ ತಿಂದ. ಬಿಸಿಯಿತ್ತೋ ಆರಿತ್ತೋ ನಾಲಿಗೆಗೆ ತಿಳಿಯಲಿಲ್ಲ.

ಮನೆಗೆ ಬಂದು ಗೋಡೆಯ ಪಕ್ಕ ಕೂತ. ಆಚೆ ಕಡೆ ಚಿಸಾ ಏನೋ ಒಂದು ಆಟದ ಹಾಡನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಮುರೊಯ್ ಕೆಮ್ಮಿದ್ದು ಕೇಳಿಸಿತು. ಹಲಗೆ ಬೆರಳಷ್ಟೂ ದಪ್ಪವಿರಲಿಲ್ಲ. ಕೈಯ ಗೆಣ್ಣಿನಿಂದ ನಾಲ್ಕು ಸಲ ಬಡಿದಿದ್ದರೆ ಸಾಕಿತ್ತು. ಎರಡು, ಒಂದು ಬಿಡುವು, ಮತ್ತೆ ಎರಡು. ಕೈ ತೊಡೆಯ ಮೇಲಿತ್ತು. ಅವನು ಅದನ್ನು ನೋಡುತ್ತಾ ಕೂತ. ಕೆಳಗೆ ಆಗಿದ್ದರೆ ಯೋಚಿಸುವ ಮೊದಲೇ ಬಡಿದಿರುತ್ತಿದ್ದ. ಇದು ಕೆಳಗಲ್ಲವಲ್ಲ. ಇನ್ನೂ ಇಲಿಯ ಸದ್ದೇ ಇದೆ, ಮುದುಕಿಯ ನರಳಾಟ ಬರಲಿ, ಆಗ ನೋಡೋಣ. ಹೀಗೆ ಅಂದುಕೊಂಡು ಅಲ್ಲೇ ಗೋಡೆಗೆ ಒರಗಿದವನಿಗೆ ಒಲೆಯ ಬಿಸಿಗೆ ಮಂಪರು ಹತ್ತಿತು. ತಲೆಯ ಮೇಲಿನ ಮರ ಅಳುತ್ತಿರುವಾಗ ಗಣಿಯವನೊಬ್ಬ ನಿದ್ದೆ ಹೋದ ಅಂದರೆ ಯಾರೂ ನಂಬಲಿಕ್ಕಿಲ್ಲ. ಅವನು ಹೋದ.

ಎಚ್ಚರವಾದಾಗ ಬೆಳಕು ಇಳಿಯುತ್ತಿತ್ತು. ತಾಯಿ ಪಾಳಿ ಮುಗಿಸಿ ಬಂದು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಗೋಡೆ ಅವನ ಬೆನ್ನಿಗೇ ಬಡಿಯುತ್ತಿತ್ತು.

ಎರಡು. ಬಿಡುವು. ಎರಡು.

"ಆ ಮನೆಯವ್ರು," ಅಂದಳು ಶಿಗೆ, ಚಾಕು ನಿಲ್ಲಿಸದೆ. "ಆಗ್ಲಿಂದ ಬಡೀತಾ ಅವ್ರೆ. ಓಗೊಡ್ಬೇಡ."

ಅವಳಿಗೆ ಬಡಿತದ ಭಾಷೆ ಗೊತ್ತಿರಲಿಲ್ಲ. ಹೆಂಗಸರು ಕೆಳಗಿಳಿಯುತ್ತಿರಲಿಲ್ಲವಲ್ಲ. ತೊಕುಜಿ ಮೇಲೆ ನೋಡಿದ. ಮೂಲೆಯಲ್ಲಿ, ಗೋಡೆಯೂ ಮಾಡೂ ಕೂಡುವ ಕಡೆ, ಕೈ ತೂರುವಷ್ಟು ಬಿರುಕು. ಅದರಿಂದ ಹಿಮದ ಪುಡಿ ದಾರದ ಹಾಗೆ ಇಳಿಯುತ್ತಿತ್ತು. ಮರ ಉದ್ದಕ್ಕೆ ಒಂದು ಸಲ ನರಳಿತು.

ಅವನು ತಾಯಿಯ ರಟ್ಟೆ ಹಿಡಿದು ಎಳೆದ. ಅವಳು ಬೈದಳು, ಆಲೂಗಡ್ಡೆಯ ಬೋಗುಣಿಯನ್ನು ಬಿಡಲಿಲ್ಲ, ಬೋಗುಣಿಯ ಸಮೇತ ಹೊರಗೆ ಬಂದಳು. ಅವಳನ್ನು ದಾರಿಗೆ ತಳ್ಳಿ ಸಾಲಿನುದ್ದಕ್ಕೂ ಓಡಿ ಬಾಗಿಲುಗಳಿಗೆ ಒದ್ದ. ಜನ ಹೊರಬಂದರು. ಹಬುಕಾ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಬಂದ. ಫುಸೆ ಆಗಲೇ ಹೊರಗಿದ್ದಳು. ಮಗಳನ್ನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು, ತನ್ನ ಮನೆಯ ಬಾಗಿಲಿನ ಎದುರಿಗೆ, ಕೂಗದೆ, ಅಳದೆ ನಿಂತಿದ್ದಳು. ಅವಳ ಕೂದಲಲ್ಲಿ ಹಿಮ ಕರಗದೆ ಕೂತಿತ್ತು. ಎಷ್ಟೋ ಹೊತ್ತಿನಿಂದ ನಿಂತಿರಬೇಕು.

ತೊಕುಜಿ ಅವಳ ಮುಂದೆ ಬಂದು ನಿಂತ.

"ಅಣ್ಣ ಎಲ್ಲಿ, ಅತ್ತಿಗೆ?"

ಮುಷ್ಕರ ಮುಗಿದ ಮೇಲೆ ಸಾಲುಮನೆಯವನೊಬ್ಬ ಅವಳೊಡನೆ ಆಡಿದ ಮೊದಲ ಮಾತು ಅದು. ಅವಳು ತೊಕುಜಿಯ ಮುಖ ನೋಡಿದಳು. ಅವನ ಹಿಂದೆ ಬೋಗುಣಿ ಹಿಡಿದು ನಿಂತ ಶಿಗೆಯನ್ನು ನೋಡಿದಳು.

"ಗೋಡೆ ಬಡೀತಾ ಇದಾರೆ," ಅಂದಳು. "ನಿಮ್ಮನೆಯಿಂದ ಉತ್ತರ ಬರಲಿಲ್ಲ. ಬರೋವರೆಗೂ ಏಳಲ್ಲ ಅಂದ್ರು."

ಆಗ ಎಲ್ಲರಿಗೂ ಅದು ಕೇಳಿಸಿತು. ಎರಡು, ಬಿಡುವು, ಎರಡು. ಮುರೊಯ್ ಖಾಲಿ ಮನೆಗೆ ಬಡಿಯುತ್ತಿದ್ದ. ಕೇಳಿಸಿಕೊಂಡವನು ತಾಯಿಯನ್ನು ಎಳೆದುಕೊಂಡು, ಸಾಲಿನವರನ್ನೆಲ್ಲ ಎಬ್ಬಿಸಿಕೊಂಡು ಹೊರಗೆ ಬಂದಿದ್ದ. ತಿರುಗಿ ಬಡಿಯುವುದೊಂದನ್ನು ಬಿಟ್ಟಿದ್ದ. ಮರೆತಿದ್ದಲ್ಲ. ಇಷ್ಟು ತಿಂಗಳು ಆ ಗೋಡೆಗೆ ಉತ್ತರ ಕೊಡದೆ ಕೊಡದೆ ಕೈಗೆ ಅದೇ ರೂಢಿಯಾಗಿತ್ತು.

ತೊಕುಜಿ ತನ್ನ ಬಾಗಿಲ ಕಡೆ ಓಡಿದ. ಹೊಸ್ತಿಲು ಮುಟ್ಟಲಿಲ್ಲ. ಕಚ್ಚು ಬಿಟ್ಟುಕೊಂಡಿತು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ನಿಟ್ಟುಸಿರು ಬಿಟ್ಟ ಹಾಗೆ ಆಯಿತು, ಮಾಡಿನ ನಡುಭಾಗ ಒಳಕ್ಕೆ ಕುಸಿಯಿತು, ಬಿಳಿ ಗಡ್ಡೆ ಇಡಿಯಾಗಿ ಕೆಳಗಿಳಿದು ಮುರೊಯ್ ಮನೆಯನ್ನೂ ತೊಕುಜಿಯ ಅರ್ಧ ಮನೆಯನ್ನೂ ತುಂಬಿತು. ಹೊಗೆಕೊಳವೆ ಮುರಿದು ಹೊಗೆ ಅಡ್ಡಡ್ಡಕ್ಕೆ ಬಂತು. ಬಡಿತ ನಿಂತಿತು.

ಆಮೇಲೆ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಹಬುಕಾ ಒಂದೇ ಬೂಟಿನಲ್ಲಿ ಎಲ್ಲರಿಗಿಂತ ಮೊದಲು ಹಿಮದ ಮೇಲೆ ಹತ್ತಿದ. ಯಾರು ಎಲ್ಲಿ ತೋಡಬೇಕು, ಎಲ್ಲಿ ಮರದ ಆನಿಕೆ ಕೊಡಬೇಕು ಅಂತ ಆ ಒಡೆದ ಗಂಟಲಿನಲ್ಲೇ ಹೇಳುತ್ತಾ ಹೋದ. ಕೆಳಗೆ ಕಲ್ಲು ಬಿದ್ದಾಗ ಹೇಗೋ ಹಾಗೆಯೇ. ಒಲೆಗಳ ಮೇಲೆ ಹಿಮ ಎಸೆದು ಬೆಂಕಿ ಆರಿಸಿದರು. ಇಷ್ಟು ದಿನ ಒಬ್ಬರೂ ಮುಟ್ಟದ ಮುರೊಯ್ ಪಾಲಿನ ಹಿಮವನ್ನು ಸಲಿಕೆಯಲ್ಲಿ, ಬಕೆಟ್ಟಿನಲ್ಲಿ, ಬರಿಗೈಯಲ್ಲಿ ಹೊತ್ತು ಹೊರಗೆ ಹಾಕಿದರು. ಶಿಗೆ ಆಲೂಗಡ್ಡೆಗಳನ್ನು ದಾರಿಗೆ ಸುರಿದು ಆ ಬೋಗುಣಿಯಲ್ಲೇ ಹಿಮ ಮೊಗೆದಳು. ಎಲ್ಲರೂ ಎಷ್ಟು ಚೆನ್ನಾಗಿ ಕೆಲಸ ಮಾಡಿದರು ಅಂದರೆ, ಆ ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಬೆಳಿಗ್ಗೆ ಮಾಡಿದ್ದರೆ ಅದಕ್ಕೂ ಕಡಿಮೆ ಹಿಡಿಯುತ್ತಿತ್ತು.

ಮುರೊಯ್ ಗೋಡೆಗೆ ಒತ್ತಿಕೊಂಡು ಕೂತಿದ್ದ. ಮುರಿದ ಹಲಗೆಯೊಂದು ಅವನ ತಲೆಯ ಮೇಲೆ ಓರೆಯಾಗಿ ನಿಂತು ಉಸಿರಾಡುವಷ್ಟು ಜಾಗ ಬಿಟ್ಟಿತ್ತು. ಬಲಗೈ ಮಾತ್ರ, ಒಲೆ ಕೆದಕುವ ಕಬ್ಬಿಣದ ಸಲಾಕೆ ಹಿಡಿದುಕೊಂಡೇ, ತೊಲೆಯ ಅಡಿಯಲ್ಲಿ ಸಿಕ್ಕಿತ್ತು. ಜಾರುಬಂಡಿಯ ಮೇಲೆ ಮಲಗಿಸಿದಾಗ ಅವನು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಬಂಡಿಗೆ ಈ ಸಲ ಎಳೆಯುವವರು ಹೆಚ್ಚಾಗಿ ಹಗ್ಗಕ್ಕೆ ಜಾಗ ಸಾಲಲಿಲ್ಲ. ಆಸ್ಪತ್ರೆಯಲ್ಲಿ ಅವನ ಮೂರು ಬೆರಳು ತೆಗೆದರು.

ಕಂಪನಿಯ ಕಚೇರಿಯಿಂದ ಒಬ್ಬ ಬಂದು ನೋಡಿ, ಕಟ್ಟಡ ಗಟ್ಟಿಯಾಗಿಯೇ ಇತ್ತು, ಹಿಮ ಸರಿಯಾಗಿ ತೆಗೆಯದೆ ಇದ್ದದ್ದು ನಿವಾಸಿಗಳ ತಪ್ಪು ಅಂದು ಹೋದ. ಒಂದು ಸಲವಾದರೂ ಕಂಪನಿ ಹೇಳಿದ್ದು ನಿಜವಾಗಿತ್ತು. ಯಾರೂ ಎದುರಾಡಲಿಲ್ಲ. ಎರಡೂ ಮನೆಯವರನ್ನು ಮೇಲಿನ ಸಾಲಿನ ಖಾಲಿ ಕೋಣೆಗಳಿಗೆ ಹಾಕಿದರು. ಬಹಿಷ್ಕಾರ ತೆಗೆದೆವು ಅಂತ ಯಾವ ಸಭೆಯಲ್ಲೂ ಹೇಳಲಿಲ್ಲ. ಹಾಕಿಯೇ ಇರಲಿಲ್ಲವೇನೋ ಅನ್ನುವ ಹಾಗೆ ಇದ್ದರು. ಹೆಂಗಸರು ಫುಸೆಗೆ ಮೂಲಂಗಿ ಉಪ್ಪಿನಕಾಯಿ, ಉಪ್ಪು ಮೀನು, ಸ್ವಲ್ಪ ಸ್ವಲ್ಪ ಅಕ್ಕಿ ತಂದುಕೊಟ್ಟರು. ಅವಳು ಎಲ್ಲವನ್ನೂ ಎರಡು ಕೈಯಲ್ಲಿ ತೆಗೆದುಕೊಂಡು ತಲೆ ಬಗ್ಗಿಸಿದಳು. ಮರುದಿನ ಆ ಪಾತ್ರೆಗಳು ಹೊರಗೆಲ್ಲ ಒರೆಸಿ ಶುಭ್ರ ಮಾಡಿ, ತಂದವರ ಬಾಗಿಲಲ್ಲಿ ಇದ್ದವು. ಒಳಗೆ ಅದೇ ಉಪ್ಪಿನಕಾಯಿ, ಅದೇ ಮೀನು, ಅದೇ ಅಕ್ಕಿ.

ಶಿಗೆ ಏನನ್ನೂ ಕೊಂಡುಹೋಗಲಿಲ್ಲ. ಪಟ್ಟಿಯಲ್ಲಿ ಅವಳ ಎಡಕ್ಕೂ ಬಲಕ್ಕೂ ಹೆಂಗಸರು ನಿಲ್ಲುತ್ತಲೇ ಇದ್ದರು.

ತೊಕುಜಿ ಆಸ್ಪತ್ರೆಯ ಬಾಗಿಲವರೆಗೆ ಎರಡು ಸಲ ಹೋಗಿ ಬಂದ. ಒಳಗೆ ಹೋಗಿದ್ದರೆ ಹೇಳಬೇಕಾದ್ದು ಒಂದೇ ಮಾತು. ಅದು ಕೇಳಿಸಲಿಲ್ಲ ಅಣ್ಣ ಅಂತಲೋ, ಕೇಳಿಸಿತ್ತು ಅಂತಲೋ, ಎರಡರಲ್ಲಿ ಒಂದು. ಮೊದಲನೆಯದನ್ನು ಹೇಳಿಬಿಟ್ಟರೆ ಮುರೊಯ್ ನಂಬುತ್ತಾನೆ, ಎಲ್ಲ ಮೊದಲಿನ ಹಾಗಾಗುತ್ತದೆ. ಮಲಗಿದ್ದವನಿಗೆ ಬಡಿತ ಕೇಳಿಸದೆ ಇರುವುದು ಸಹಜವೇ. ಅವನು ಮಲಗಿದ್ದೂ ನಿಜವೇ.

ಹಿಮ ಕೊಳೆತು ಕಪ್ಪಾಗಿ ಹರಿ ನೀರಾಗುವ ಹೊತ್ತಿಗೆ ಮುರೊಯ್ ಊರುಗೋಲು ಹಿಡಿದು ಓಡಾಡತೊಡಗಿದ. ಕೆಳಗಿಳಿಯುವ ಕೆಲಸ ಇನ್ನಿಲ್ಲ, ದೀಪದ ಕೋಣೆಯಲ್ಲಿ ಗಣಿಗಿಳಿಯುವವರ ದೀಪ ಒರೆಸುವ ಕೆಲಸ. ಮಸಿಯೇನೂ ಹತ್ತದಿದ್ದರೂ ಪಾಳಿ ಬಿಡುವ ಹೊತ್ತಿಗೆ ಸ್ನಾನದ ಮನೆಗೆ ಬರುತ್ತಿದ್ದ. ಮೊದಲ ದಿನವೇ ಹಬುಕಾ ಬಟ್ಟೆ ನೆನೆಸಿಕೊಂಡು ಎದ್ದು ಹೋಗಿ ಅವನ ಹಿಂದೆ ಕೂತ. ಎಲ್ಲರೂ ನೀರು ಸುರಿದುಕೊಳ್ಳುವುದನ್ನು ನಿಲ್ಲಿಸಿದರು. ಮುರೊಯ್ ತಿರುಗಿ ನೋಡಿ, ತೊಂದರೆ ಬೇಡ ಹಬುಕಾ ಅಂತ ಮೆಲ್ಲಗೆ ಹೇಳಿ, ತನ್ನ ಮಣೆಯನ್ನು ಸರಿಸಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತ. ಹಬುಕಾ ಬಟ್ಟೆ ಹಿಂಡಿಕೊಂಡು ವಾಪಸು ಬಂದ. ಮತ್ತೆ ಯಾರೂ ಎದ್ದು ಹೋಗಲಿಲ್ಲ.

ಒಂದು ಸಂಜೆ ತೊಕುಜಿ ಸಾಲಿನ ಕೊನೆಯಲ್ಲಿ ಕೂತಿದ್ದ. ಮುಂದಿನವನ ಬೆನ್ನು ಉಜ್ಜಿ ಮುಗಿಸಿದ್ದ. ಎದ್ದು ಸಾಲಿನ ತಲೆಗೆ ಹೋಗಬೇಕು ಅನ್ನುವಷ್ಟರಲ್ಲಿ ಹಿಂದೆ ಮಣೆಯೊಂದು ನೆಲಕ್ಕೆ ಉಜ್ಜಿದ ಸದ್ದಾಯಿತು. ಊರುಗೋಲನ್ನು ಯಾರೋ ಕೆಳಗಿಟ್ಟರು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಅವನ ಬೆನ್ನಿಗೆ ಬಂತು. ಒತ್ತುವುದು ಎಡಗೈ ಅಂತ ತೊಕುಜಿಗೆ ಗೊತ್ತಾಯಿತು. ಭುಜಕ್ಕಿಂತ ಮೇಲೆ ಏಳದ ಕೈಗೆ ಕೂತವನ ಬೆನ್ನು ಚೆನ್ನಾಗಿಯೇ ಸಿಗುತ್ತಿತ್ತು. ಮೊದಲಿನ ಹಾಗೇ, ಹೆಗಲಿನಿಂದ ಕೆಳಕ್ಕೆ, ಬೆನ್ನುಮೂಳೆಯ ಒಂದೊಂದೇ ಗಂಟನ್ನು ಬಿಡದೆ, ಅವಸರವಿಲ್ಲದೆ ಉಜ್ಜಿತು.

"ತೊಕೂ."

"ಹೂಂ, ಅಣ್ಣ."

"ಅವತ್ತು ಕೇಳಿಸಿತ್ತಾ?"

ಎರಡರಲ್ಲಿ ಒಂದು. ಬಟ್ಟೆ ಬೆನ್ನ ನಡುವೆ ನಿಂತಿತ್ತು.

"ಕೇಳಿಸಿತ್ತು."

ಬಟ್ಟೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಉಳಿದ ಜಾಗವನ್ನು, ಸೊಂಟದವರೆಗೆ, ಪೂರ್ತಿ ಉಜ್ಜಿತು.

"ಸರಿ ಬಿಡು," ಅಂದ ಮುರೊಯ್. "ಹಲಗೆ ದಪ್ಪ ಇತ್ತೇನೋ, ನಾನೇ ಸರಿಯಾಗಿ ಬಡೀಲಿಲ್ಲವೇನೋ ಅನ್ಕೊಂಡಿದ್ದೆ."

ತಂಬಿಗೆಯಲ್ಲಿ ನೀರು ತುಂಬಿ ತೊಕುಜಿಯ ಬೆನ್ನಿಗೆ ಸುರಿದ. ತೊಕುಜಿ ಕೂತಲ್ಲೇ ತಿರುಗಿ, ಅವನ ಬೆನ್ನು ಉಜ್ಜಲು ಬಟ್ಟೆಗಾಗಿ ಕೈ ಚಾಚಿದ. ಮುರೊಯ್ ಅಷ್ಟರಲ್ಲಿ ಅದನ್ನು ಉಳಿದ ಬೆರಳುಗಳಲ್ಲಿ ಹಿಂಡಿ ಹೆಗಲಿಗೆ ಹಾಕಿಕೊಂಡಿದ್ದ. ಊರುಗೋಲು ಹುಡುಕಿ, ಅದರ ಮೇಲೆ ಭಾರ ಬಿಟ್ಟು ಎದ್ದು, ಒದ್ದೆ ನೆಲದ ಮೇಲೆ ಜಾರದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಬಾಗಿಲ ಕಡೆ ನಡೆದ. ಅವನ ಬೆನ್ನ ಮೇಲೆ ಆ ಎಲೆ ಹಾಗೇ ಇತ್ತು. ಅಂಚು ಸ್ವಲ್ಪ ಮಾಸಿತ್ತು.

ಸಾಲಿಗೆ ಹೊಸದಾಗಿ ಬಂದವನೊಬ್ಬ ತೊಕುಜಿಯ ಮುಂದೆ ಮಣೆ ಹಾಕಿ ಬೆನ್ನು ಕೊಟ್ಟು ಕೂತ. ತೊಕುಜಿ ತನ್ನ ಬಟ್ಟೆ ನೆನೆಸಿ ಉಜ್ಜತೊಡಗಿದ.